ಕೊಪ್ಪಳದಿಂದ ಲೋಣಾರ್‌ವರೆಗೆ ಲಾವಾ ನಾಡಿನಲ್ಲಿ ಕಾರು ಪ್ರವಾಸ: ಏಳು ದಿನದ ಪ್ಲ್ಯಾನ್ ಹಾಕುವುದು ಹೇಗೆ?

ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯಿಂದ ಮಹಾರಾಷ್ಟ್ರದ ಅಜಂತಾ, ಎಲ್ಲೋರಾ ಗುಹೆ, ಲೋಣಾರ್ ಕೆರೆ ನೋಡಲು ಸ್ವಂತ ಕಾರಿನಲ್ಲಿ ಹೊರಡುವವರು ಜಾಸ್ತಿ ಆಗಿದ್ದಾರೆ. ಆದರೆ ಅರ್ಧಕ್ಕೆ ವಾಪಸ್ ಬರುವವರೂ ಕಡಿಮೆ ಇಲ್ಲ. ಶುಕ್ರವಾರ ಹೊರಡುತ್ತಾರೆ, ಸೋಮವಾರ ಅಜಂತಾ ಮುಟ್ಟುತ್ತಾರೆ, ಅವತ್ತು ಅಲ್ಲಿ ಬಾಗಿಲು ಹಾಕಿರುತ್ತದೆ. ಇಲ್ಲವೇ ಮೊದಲ ದಿನವೇ ಆರುನೂರು ಕಿಲೋಮೀಟರ್ ಓಡಿಸಿ ಎರಡನೇ ದಿನ ಮಲಗಿಬಿಡುತ್ತಾರೆ. ಇಲ್ಲವೇ ರಾತ್ರಿ ಹೊತ್ತು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿ ಪ್ರಾಣ ಕೈಯಲ್ಲಿ ಹಿಡಿದು ಊರು ಸೇರುತ್ತಾರೆ.

ಮೂರಕ್ಕೂ ಕಾರಣ ಒಂದೇ. ಮೊದಲು ಜಾಗಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಅದಕ್ಕೆ ದಿನ ಹೊಂದಿಸಲು ಒದ್ದಾಡುತ್ತಾರೆ. ಇದನ್ನು ತಿರುಗಿಸಬೇಕು. ಮೊದಲು ರಜೆ ದಿನ, ಆಮೇಲೆ ಬೆಳಕಿನ ಗಂಟೆ, ಆಮೇಲೆ ದೂರ. ಜಾಗಗಳು ಕೊನೆಗೆ ಬರಲಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಹಂತ 1: ಏನು ನೋಡಲು ಹೋಗುತ್ತಿದ್ದೀರಿ ಅಂತ ಮನೆಯವರಿಗೆ ಮೊದಲೇ ಹೇಳಿ

ಜ್ವಾಲಾಮುಖಿ ಅಂದ ಕೂಡಲೇ ಮಕ್ಕಳ ಕಣ್ಣ ಮುಂದೆ ಹೊಗೆ ಬಿಡುವ ಚೂಪು ಬೆಟ್ಟ ಬರುತ್ತದೆ. ಈ ದಾರಿಯಲ್ಲಿ ಅದು ಸಿಗುವುದಿಲ್ಲ. ನಮ್ಮ ದೇಶದಲ್ಲಿ ಈಗಲೂ ಬೆಂಕಿ ಉಗುಳುವುದು ಅಂಡಮಾನ್ ಹತ್ತಿರದ ಬ್ಯಾರನ್ ದ್ವೀಪ. ಅಲ್ಲಿಗೆ ಕಾರು ಹೋಗುವುದಿಲ್ಲ.

ನೀವು ನೋಡುವುದು ದಖ್ಖನ್ ಟ್ರ್ಯಾಪ್. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಉದ್ದುದ್ದ ಬಿರಿದು ಲಾವಾ ಹೊರಗೆ ಬಂತು. ಬಂದದ್ದು ಹರಡಿತು, ಆರಿತು, ಅದರ ಮೇಲೆ ಮತ್ತೆ ಬಂತು. ರೊಟ್ಟಿ ಬುಟ್ಟಿಯಲ್ಲಿ ರೊಟ್ಟಿ ಮೇಲೆ ರೊಟ್ಟಿ ಇಟ್ಟ ಹಾಗೆ ಪದರ ಕೂತಿವೆ. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಇದೇ ಕಪ್ಪು ಕಲ್ಲಿನ ಕೆಳಗಿದೆ. ಹಾಗಾಗಿ ಇಲ್ಲಿನ ಗುಡ್ಡಗಳ ನೆತ್ತಿ ಚಪ್ಪಟೆ, ಪಕ್ಕ ಮೆಟ್ಟಿಲು ಮೆಟ್ಟಿಲು.

ನಮ್ಮ ಹಂಪಿ, ಆನೆಗೊಂದಿ, ಕೊಪ್ಪಳದ ಗುಂಡುಕಲ್ಲಿನ ಗುಡ್ಡಗಳು ಬೇರೆ ಜಾತಿ. ಅವು ನೆಲದಾಳದಲ್ಲೇ ನಿಧಾನವಾಗಿ ಆರಿದ ಗ್ರಾನೈಟ್. ಈ ವ್ಯತ್ಯಾಸ ತಿಳಿದು ಹೊರಟರೆ ದಾರಿಯೇ ಪಾಠ ಆಗುತ್ತದೆ. ತಿಳಿಯದೆ ಹೊರಟರೆ "ಇದೇನು, ಬರೀ ಬೋಳು ಗುಡ್ಡ" ಅಂತ ಬೀಡ್ ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಗೊಣಗಾಟ ಶುರುವಾಗುತ್ತದೆ.

## ಹಂತ 2: ಹೊರಡುವ ವಾರ ಗೊತ್ತು ಮಾಡಿ

ಇಡೀ ಪ್ಲ್ಯಾನಿನ ಬೀಗದ ಕೈ ಇಲ್ಲಿದೆ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ ರಜೆ. ಈ ಎರಡು ಸಾಲನ್ನು ಕಾಗದದ ಮೇಲೆ ಬರೆದು ಆಮೇಲೆ ಮುಂದೆ ಹೋಗಿ.

ಈ ಮಾರ್ಗದಲ್ಲಿ ಮೂರನೇ ದಿನ ಎಲ್ಲೋರಾ, ನಾಲ್ಕನೇ ದಿನ ಅಜಂತಾ ಬರುತ್ತದೆ. ಶನಿವಾರ ಹೊರಟರೆ ಸೋಮವಾರ ಎಲ್ಲೋರಾ, ಮಂಗಳವಾರ ಅಜಂತಾ. ಎರಡೂ ತೆರೆದಿರುತ್ತವೆ. ಶುಕ್ರವಾರ ಹೊರಟರೆ ಅಜಂತಾ ಸೋಮವಾರಕ್ಕೆ ಬೀಳುತ್ತದೆ, ಕೆಟ್ಟಿತು. ಭಾನುವಾರ ಹೊರಟರೆ ಎಲ್ಲೋರಾ ಮಂಗಳವಾರಕ್ಕೆ ಬೀಳುತ್ತದೆ, ಅದೂ ಕೆಟ್ಟಿತು. ಶುಕ್ರವಾರ ಅಥವಾ ಭಾನುವಾರವೇ ಹೊರಡಬೇಕಾದರೆ ಎರಡನ್ನೂ ಅದಲುಬದಲು ಮಾಡಿ: ಮೂರನೇ ದಿನ ಅಜಂತಾ, ನಾಲ್ಕನೇ ದಿನ ಎಲ್ಲೋರಾ. ಆಗ ಛತ್ರಪತಿ ಸಂಭಾಜಿನಗರದಿಂದ, ಅಂದರೆ ಹಳೆ ಔರಂಗಾಬಾದಿನಿಂದ, ಅಜಂತಾಕ್ಕೆ ಹೋಗಿ ಅಲ್ಲಿಗೇ ವಾಪಸ್ ಬರಬೇಕು. ಸುಮಾರು 200 ಕಿ.ಮೀ ಓಡಾಟ, ಅಷ್ಟೇ.

ನನ್ನ ಆಯ್ಕೆ ಕೇಳಿದರೆ ಮಂಗಳವಾರ. ಗುರುವಾರ ಎಲ್ಲೋರಾ, ಶುಕ್ರವಾರ ಅಜಂತಾ. ವಾರಾಂತ್ಯದ ನೂಕುನುಗ್ಗಲು ಶುರುವಾಗುವ ಮುಂಚೆ ಎರಡೂ ಮುಗಿಯುತ್ತವೆ.

## ಹಂತ 3: ತಿಂಗಳು ಆರಿಸಿ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಏಪ್ರಿಲ್, ಮೇ ಬೇಡವೇ ಬೇಡ. ರಾಯಚೂರಿನ ಬಿಸಿಲಿಗೆ ಒಗ್ಗಿದವರು ನಾವು ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮರಾಠವಾಡದಲ್ಲಿ 40 ಡಿಗ್ರಿ ದಾಟಿದ ಮೇಲೆ ಕಪ್ಪು ಕಲ್ಲು ಕಾಲು ಸುಡುತ್ತದೆ. ಟೈರ್ ಸಿಡಿಯುವುದೂ ಆಗಲೇ ಜಾಸ್ತಿ.

ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಅಜಂತಾದ ಕಣಿವೆಯಲ್ಲಿ ನೀರು ಧುಮುಕುತ್ತದೆ. ನೋಡಲು ಬಲು ಚೆಂದ. ಆದರೆ ವಾಹನ ನಡೆಸುವವರಿಗೆ ಇಲ್ಲಿ ಒಂದು ಅಪಾಯ ಇದೆ: ಎರೆ ಮಣ್ಣು. ಮಳೆ ಬಿದ್ದ ಎರೆ ನೆಲಕ್ಕೆ ಒಂದು ಚಕ್ರ ಇಳಿಸಿದರೂ ಸಾಕು, ಕಾರು ಅಲ್ಲೇ ಕೂರುತ್ತದೆ. ಸಿಂಧನೂರು, ಕುಷ್ಟಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈಡ್ ಕೊಡುವಾಗ ಡಾಂಬರು ಬಿಟ್ಟು ಇಳಿಯಬೇಡಿ. ಎದುರಿನವನು ಮುಂದೆ ಹೋಗುವವರೆಗೆ ನಿಂತರೂ ಪರವಾಗಿಲ್ಲ.

ಇನ್ನು ಜಾತ್ರೆ, ಹಬ್ಬ. ನವರಾತ್ರಿಯಿಂದ ಸೀಗೆ ಹುಣ್ಣಿಮೆವರೆಗೆ ಸೊಲ್ಲಾಪುರ–ತುಳಜಾಪುರ ರಸ್ತೆಯ ತುಂಬ ಪಾದಯಾತ್ರಿಗಳು ಇರುತ್ತಾರೆ, ರಾತ್ರಿಯೂ ನಡೆಯುತ್ತಾರೆ. ಮಕರ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರ ಜಾತ್ರೆ, ರೂಮು ಸಿಗುವುದು ಕಷ್ಟ. ಕೊಪ್ಪಳದವರಿಗೆ ಜನವರಿಯಲ್ಲಿ ಗವಿಮಠದ ಜಾತ್ರೆಯೂ ಬರುತ್ತದೆ. ಅದನ್ನು ಬಿಟ್ಟು ಯಾರು ಹೊರಡುತ್ತಾರೆ? ಈ ದಿನಗಳನ್ನು ತಪ್ಪಿಸಿ ದಿನಾಂಕ ಹಾಕಿ.

## ಹಂತ 4: ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಮೊದಲೇ ಗೆರೆ ಎಳೆಯಿರಿ

ಬೆಳಗ್ಗೆ ಆರೂವರೆಗೆ ಸ್ಟಾರ್ಟ್, ಸಂಜೆ ಐದೂವರೆಗೆ ಹೋಟೆಲ್ ಮುಂದೆ ಗಾಡಿ ನಿಂತಿರಬೇಕು. ಇದು ಮುರಿಯಬಾರದ ನಿಯಮ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಕತ್ತಲು.

ಯಾಕಿಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ವಿಜಯಪುರ, ಸೊಲ್ಲಾಪುರ ಭಾಗದಲ್ಲಿ ಕಬ್ಬು ಕಟಾವು ನಡೆಯುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಮೇಲೆ ರಸ್ತೆಯಗಲ ಕಬ್ಬು. ಹಿಂದೆ ಕೆಂಪು ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಬಿದ್ದಾಗ ಮುಂದಿರುವ ಈ ಟ್ರೇಲರ್ ಹತ್ತು ಮಾರು ದೂರ ಬರುವವರೆಗೂ ಕಾಣುವುದಿಲ್ಲ. ಕೆಟ್ಟು ನಿಂತ ಲಾರಿಗಳದ್ದೂ ಇದೇ ಕಥೆ: ಹಿಂದೆ ನಾಲ್ಕು ಕಲ್ಲು, ಒಂದು ಮರದ ಕೊಂಬೆ ಇಟ್ಟಿರುತ್ತಾರೆ. ಈ ಅಪಘಾತಗಳಲ್ಲಿ ಸಾಯುವವರು ಚೆನ್ನಾಗಿ ಓಡಿಸಲು ಬಾರದವರಲ್ಲ, ಕತ್ತಲಾದ ಮೇಲೂ ಓಡಿಸಿದವರು.

ಈಗ ಲೆಕ್ಕ. ಮ್ಯಾಪ್ ತೋರಿಸುವ ಸಮಯಕ್ಕೆ ಮೂರನೇ ಒಂದು ಭಾಗ ಸೇರಿಸಿ. ಆರು ಗಂಟೆ ತೋರಿಸಿದರೆ ಎಂಟು ಗಂಟೆ ಅಂತ ಹಿಡಿಯಿರಿ. ಚಹಾ, ಊಟ, ಟೋಲ್, ಮಕ್ಕಳ ವಾಂತಿ ಎಲ್ಲ ಅದರಲ್ಲೇ ಬರಬೇಕು. ಒಬ್ಬರೇ ಡ್ರೈವರ್ ಇದ್ದರೆ ದಿನಕ್ಕೆ 300 ಕಿ.ಮೀ ಆಸುಪಾಸು, ಇಬ್ಬರಿದ್ದರೆ 350–360. ಅದಕ್ಕಿಂತ ಜಾಸ್ತಿ ಬೇಡ.

## ಹಂತ 5: ಮಾರ್ಗ ಬರೆಯಿರಿ

ಈಗ ಜಾಗಗಳ ಸರದಿ. ದೂರಗಳೆಲ್ಲ ಅಂದಾಜು, ನಿಮ್ಮ ಮನೆಯಿಂದ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ.

ದಿನ 1: ಕೊಪ್ಪಳ – ಸೊಲ್ಲಾಪುರ, 290 ಕಿ.ಮೀ. ಕುಷ್ಟಗಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 50 ಹಿಡಿದರೆ ನೇರ ವಿಜಯಪುರ. ಇಳಕಲ್ಲಿನವರೆಗೆ ಕೆಂಪು ಗ್ರಾನೈಟ್ ಜೊತೆಗಿರುತ್ತದೆ. ನಿಡಗುಂದಿ ಹತ್ತಿರ ಕೃಷ್ಣಾ ದಾಟಿದ ಮೇಲೆ ಗುಂಡುಕಲ್ಲು ಮಾಯ, ನೆಲ ಸಪಾಟು, ಮಣ್ಣು ಕಪ್ಪು. ಲಾವಾ ನಾಡು ಶುರುವಾಯಿತು ಅಂತ ಮಕ್ಕಳಿಗೆ ತೋರಿಸಬೇಕಾದದ್ದು ಇಲ್ಲೇ. ಗೋಳಗುಮ್ಮಟದ ಕಲ್ಲೂ ಇದೇ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲು. ವಿಜಯಪುರದಿಂದ ಹೆದ್ದಾರಿ 52.

ಬಳ್ಳಾರಿಯವರು ಹೊಸಪೇಟೆಗೆ ಬಂದು ಅದೇ 50 ಹಿಡಿಯಬಹುದು. ಆದರೆ ವಿಜಯಪುರದಲ್ಲಿ ಉಳಿದರೆ ಸುಸ್ತು ಕಡಿಮೆ. ರಾಯಚೂರಿನವರಿಗೆ ಯಾದಗಿರಿ, ಕಲಬುರಗಿ, ಅಕ್ಕಲಕೋಟೆ ಮೇಲೆ ಸೊಲ್ಲಾಪುರ ಸಲೀಸು.

ದಿನ 2: ಸೊಲ್ಲಾಪುರ – ಸಂಭಾಜಿನಗರ, 310 ಕಿ.ಮೀ. ತುಳಜಾಪುರ, ಧಾರಾಶಿವ, ಬೀಡ್ ಮೂಲಕ ಅದೇ 52. ದಾರಿಯಲ್ಲಿ ಬಾಲಾಘಾಟ್ ಸಾಲಿನ ಚಪ್ಪಟೆ ಗುಡ್ಡಗಳು. ಮಾಂಜರಸುಂಬಾ ಘಾಟಿನಲ್ಲಿ ರಸ್ತೆಗಾಗಿ ಕಡಿದ ಗುಡ್ಡದ ಪಕ್ಕದಲ್ಲಿ ಪದರಗಳು ಎದ್ದು ಕಾಣುತ್ತವೆ. ಇಂಥ ಕಡೆ ಎರಡು ಕಪ್ಪು ಪದರದ ನಡುವೆ ಇಟ್ಟಿಗೆ ಬಣ್ಣದ ತೆಳು ಪಟ್ಟಿ ಇದೆಯಾ ಹುಡುಕಿ. ಒಂದು ಲಾವಾ ಆರಿ, ಅದರ ಮೇಲೆ ಮಣ್ಣಾಗಿ, ಆಮೇಲೆ ಮುಂದಿನ ಲಾವಾ ಬಂದು ಅದನ್ನು ಮುಚ್ಚಿದ ಗುರುತು ಅದು. ತಿರುವಿನಲ್ಲಿ ಮಾತ್ರ ಗಾಡಿ ನಿಲ್ಲಿಸಬೇಡಿ. ಘಾಟ್ ಮುಗಿದ ಮೇಲೆ ಅಗಲ ಜಾಗ ನೋಡಿ ನಿಲ್ಲಿಸಿ, ಅಲ್ಲಿಂದ ತಿರುಗಿ ನೋಡಿ.

ದಿನ 3: ಎಲ್ಲೋರಾ, ದೌಲತಾಬಾದ್. ಎಲ್ಲೋರಾ 30 ಕಿ.ಮೀ. ಬೆಳಗ್ಗೆ ಬೇಗ ಹೋಗಿ ಮೊದಲು 16ನೇ ಗುಹೆ ಮುಗಿಸಿ. ಕೈಲಾಸ ದೇವಾಲಯ ಅದೇ. ರಾಷ್ಟ್ರಕೂಟರು ಮೇಲಿನಿಂದ ಕೆಳಕ್ಕೆ ಕಡಿದದ್ದು ಈ ಲಾವಾ ಕಲ್ಲನ್ನೇ. ಹತ್ತು ಗಂಟೆ ಮೇಲೆ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಉಳಿದದ್ದನ್ನು ಆಮೇಲೆ ನೋಡಿ. 34 ಗುಹೆಯನ್ನೂ ನೋಡುತ್ತೇವೆ ಅಂತ ಹಠ ಬೇಡ. ವಾಪಸ್ ಬರುವಾಗ ದೌಲತಾಬಾದ್ ಕೋಟೆ. ಗುಡ್ಡದ ಬುಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದಾರೆ. ಒಳಗೆ ಕತ್ತಲ ದಾರಿ ಇದೆ, ಟಾರ್ಚ್ ಬೇಕು, ಹಿಡಿತ ಇರುವ ಶೂ ಬೇಕು. ಮಂಡಿ ನೋವಿನ ಹಿರಿಯರನ್ನು ಕೆಳಗೇ ನೆರಳಲ್ಲಿ ಕೂರಿಸಿ.

ದಿನ 4: ಅಜಂತಾ, 100 ಕಿ.ಮೀ. ಸಿಲ್ಲೋಡ್ ಮೇಲೆ ಹೋಗಿ ಘಾಟ್ ಇಳಿದರೆ ಫರ್ದಾಪುರ. ನಿಮ್ಮ ಕಾರು ಗುಹೆವರೆಗೆ ಹೋಗುವುದಿಲ್ಲ. ಸುಮಾರು 4 ಕಿ.ಮೀ ಮೊದಲೇ ಪಾರ್ಕಿಂಗ್, ಅಲ್ಲಿಂದ ಸರ್ಕಾರಿ ಬಸ್. ಇದು ಗೊತ್ತಿಲ್ಲದವರು ಒಂದು ಗಂಟೆ ಕಳೆದುಕೊಳ್ಳುತ್ತಾರೆ. ಬಸ್ಸಿಗೆ ಚಿಲ್ಲರೆ ಇಟ್ಟುಕೊಳ್ಳಿ, ನೀರಿನ ಬಾಟಲಿ ಕಾರಿನಲ್ಲೇ ಮರೆಯಬೇಡಿ. ಗುಹೆ ಒಳಗೆ ಫ್ಲ್ಯಾಶ್ ಹಾಕುವಂತಿಲ್ಲ. ಚಿತ್ರ ಇರುವ ಗುಹೆಗಳಲ್ಲಿ ಚಪ್ಪಲಿ ಬಿಚ್ಚಬೇಕು, ಲೇಸ್ ಕಟ್ಟುವ ಶೂಗಿಂತ ಸಲೀಸಾಗಿ ಕಳಚುವಂಥದ್ದು ಒಳ್ಳೆಯದು. ವಾಘೂರ್ ನದಿ ಕುದುರೆ ಲಾಳದ ಆಕಾರಕ್ಕೆ ಕೊರೆದ ಕಣಿವೆ ಪೂರ್ತಿ ಕಾಣಬೇಕಾದರೆ ಎದುರಿನ ದಂಡೆಯ ವ್ಯೂ ಪಾಯಿಂಟ್‌ಗೆ ಹೋಗಲೇಬೇಕು. ಲಾವಾ ನೋಡಲು ಬಂದವರಿಗೆ ಆ ನೋಟ ಗುಹೆಗಳಷ್ಟೇ ಮುಖ್ಯ. ರಾತ್ರಿ ಫರ್ದಾಪುರದಲ್ಲೇ ಉಳಿಯಿರಿ.

ದಿನ 5: ಲೋಣಾರ್, 150 ಕಿ.ಮೀ. ಬುಲ್ಢಾಣಾ, ಚಿಖಲಿ, ಮೇಹಕರ್ ದಾರಿ. ದೂರ ಕಡಿಮೆ ಇದ್ದರೂ ಘಾಟ್, ಊರು ಜಾಸ್ತಿ. ಅರ್ಧ ದಿನ ಹಿಡಿಯಿರಿ. ಲೋಣಾರ್ ಜ್ವಾಲಾಮುಖಿಯ ಬಾಯಿ ಅಲ್ಲ, ಇದನ್ನು ತಪ್ಪು ತಿಳಿದವರು ಬಹಳ. ಲಾವಾ ಆರಿ ಕಲ್ಲಾಗಿ ಎಷ್ಟೋ ಕಾಲದ ಮೇಲೆ ಉಲ್ಕೆ ಬಡಿದು ಆದ ಗುಂಡಿ ಅದು. ಅಡ್ಡಗಲ ಸುಮಾರು 1.8 ಕಿ.ಮೀ. ಬಸಾಲ್ಟ್ ಕಲ್ಲಿನಲ್ಲಿ ಉಲ್ಕೆ ಬಿದ್ದ ಗುರುತು ಇಷ್ಟು ಚೆನ್ನಾಗಿ ಉಳಿದಿರುವುದು ಭೂಮಿಯ ಮೇಲೆ ಬಹಳ ಅಪರೂಪ. ಸಂಜೆ ಅಂಚಿನಿಂದ ನೋಡಿ, ಇಳಿಯುವುದು ಮರುದಿನ ಬೆಳಗ್ಗೆ. ನೀರು ನೂರು ಮೀಟರಿಗೂ ಜಾಸ್ತಿ ಕೆಳಗಿದೆ. ಇಳಿಯುವಾಗ ಸುಲಭ ಅನ್ನಿಸುತ್ತದೆ, ಹತ್ತುವಾಗ ಗೊತ್ತಾಗುತ್ತದೆ. ಕೆರೆ ನೀರು ಉಪ್ಪು, ಜೊತೆಗೆ ತೀಕ್ಷ್ಣ ಕ್ಷಾರ. ಕುಡಿಯಬೇಡಿ, ಕಣ್ಣಿಗೆ ತಾಗಿಸಬೇಡಿ. ಸುತ್ತ ವನ್ಯಜೀವಿಧಾಮ, ಒಬ್ಬೊಬ್ಬರೇ ಅಲೆಯಬೇಡಿ.

ದಿನ 6: ಲೋಣಾರ್ – ಬೀದರ್, 350 ಕಿ.ಮೀ. ಮಂಠಾ, ಜಿಂತೂರು, ನಾಂದೇಡ್, ದೇಗಲೂರು, ಔರಾದ್. ಏಳು ದಿನದಲ್ಲಿ ಅತಿ ಕಷ್ಟದ್ದು ಇದೇ. ಬೆಳಗ್ಗೆ ಕೆರೆಗೆ ಇಳಿಯುವ ಆಸೆ ಇದ್ದರೆ ಅವತ್ತು ನಾಂದೇಡ್‌ನಲ್ಲೇ ಉಳಿದು ಒಂದು ದಿನ ಜಾಸ್ತಿ ಮಾಡಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಬೀದರ್ ಮುಟ್ಟುವುದು ರಾತ್ರಿ ಹತ್ತಕ್ಕೆ.

ದಿನ 7: ಬೀದರ್ – ಕೊಪ್ಪಳ, 360 ಕಿ.ಮೀ. ಹುಮನಾಬಾದ್, ಕಲಬುರಗಿ, ಜೇವರ್ಗಿ. ಅಲ್ಲಿಂದ ಹೆದ್ದಾರಿ 150ಎ ಹಿಡಿದು ಶಹಾಪುರ, ಸುರಪುರ, ತಿಂಥಣಿ ಸೇತುವೆ, ಲಿಂಗಸುಗೂರು. ಬಳ್ಳಾರಿಯವರಿಗೆ ಇದೇ ರಸ್ತೆ ಸಿಂಧನೂರು, ಸಿರುಗುಪ್ಪ ಮೇಲೆ ಮನೆಗೆ ಮುಟ್ಟಿಸುತ್ತದೆ. ಲಿಂಗಸುಗೂರಿನ ಪಕ್ಕದ ಹಟ್ಟಿಯಲ್ಲಿ ಚಿನ್ನ ಸಿಗುವ ಕಲ್ಲೂ ಹೆಚ್ಚಾಗಿ ಹಳೆ ಲಾವಾದ್ದೇ. ಆದರೆ ಅದರ ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಗಣಿಗೆ ಸುಮ್ನೆ ಹೋಗಿ ನೋಡಲು ಬಿಡುವುದಿಲ್ಲ, ದಾರಿಯಲ್ಲಿ ಹೇಳಿಕೊಂಡು ಹೋಗಲು ಒಳ್ಳೆಯ ವಿಷಯ.

## ಹಂತ 6: ರೂಮು ಬುಕ್ ಮಾಡಿ, ಆದರೆ ಎಲ್ಲ ಕಡೆ ಅಲ್ಲ

ಫರ್ದಾಪುರ, ಲೋಣಾರ್ ಎರಡನ್ನೂ ಮೊದಲೇ ಬುಕ್ ಮಾಡಿ. ಅಲ್ಲಿ ವಸತಿ ಕಡಿಮೆ. ಎರಡೂ ಕಡೆ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ವಸತಿ ಇದೆ. ಸೊಲ್ಲಾಪುರ, ಸಂಭಾಜಿನಗರ, ಬೀದರ್ ದೊಡ್ಡ ಊರು, ಹಿಂದಿನ ದಿನ ಮಾಡಿದರೂ ನಡೆಯುತ್ತದೆ.

ಬುಕ್ ಮಾಡಿದ ಮೇಲೆ ಹೋಟೆಲಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಗಾಡಿ ಕಾಂಪೌಂಡ್ ಒಳಗೆ ನಿಲ್ಲುತ್ತದಾ? "ಹೊರಗೆ ರೋಡ್ ಮೇಲೆ ಹಚ್ಚಬಹುದು" ಅಂದರೆ ಬೇರೆ ನೋಡಿ.

## ಹಂತ 7: ಹೊರಡುವ ಹತ್ತು ದಿನ ಮೊದಲು ಕಾರು ನೋಡಿ

ಹಿಂದಿನ ದಿನ ಸರ್ವೀಸ್ ಮಾಡಿಸಬೇಡಿ. ಹೊಸದಾಗಿ ಬಿಚ್ಚಿ ಹಾಕಿದ್ದು ಸಡಿಲ ಇದ್ದರೆ ಗೊತ್ತಾಗಲು ಒಂದು ವಾರ ಊರೊಳಗೆ ಓಡಬೇಕು.

ಟೈರ್ ಮೊದಲು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂದರೆ 2021ರ 23ನೇ ವಾರದಲ್ಲಿ ಮಾಡಿದ್ದು. ಗುಂಡಿ ಚೆನ್ನಾಗಿ ಕಂಡರೂ ಐದಾರು ವರ್ಷ ಹಳೆಯದಾದರೆ, ಪಕ್ಕದಲ್ಲಿ ಸಣ್ಣ ಬಿರುಕು ಇದ್ದರೆ ಬದಲಿಸಿ. ಸ್ಟೆಪ್ನಿಗೂ ಇದೇ ಮಾತು. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರಿನಲ್ಲಿ ಇರುವಷ್ಟೇ ಹಾಕಿಸಿ. ಸಂಭಾಜಿನಗರದಿಂದ ಜಾಲನಾ ಕಡೆ ಸಮೃದ್ಧಿ ಎಕ್ಸ್‌ಪ್ರೆಸ್‌ವೇ ಏರುವವರಂತೂ ಇದನ್ನು ಬಿಡಲೇಬಾರದು. ನೆಟ್ಟನೆ ಕಾಂಕ್ರೀಟ್ ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿದರೆ ಹಳೆ ಟೈರ್ ತಾಳುವುದಿಲ್ಲ.

ಆಮೇಲೆ ಕೂಲೆಂಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ವೈಪರ್. ಡಿಕ್ಕಿಯಲ್ಲಿ ಜ್ಯಾಕ್, ವೀಲ್ ಪಾನಾ, ಗಾಳಿ ತುಂಬುವ ಸಣ್ಣ ಪಂಪ್, ಜಂಪ್ ಕೇಬಲ್, ಎಳೆಯುವ ಹಗ್ಗ, ಕೆಂಪು ತ್ರಿಕೋನ, ಟಾರ್ಚ್, ಐದು ಲೀಟರ್ ನೀರು ಇರಲಿ. ಜ್ಯಾಕ್ ಹಾಕಿ ಒಂದು ಚಕ್ರ ಬಿಚ್ಚುವುದನ್ನು ಮನೆ ಮುಂದೆಯೇ ಮಾಡಿ ನೋಡಿ. ಎಷ್ಟೋ ಗಾಡಿಗಳಲ್ಲಿ ನಟ್ ತುಕ್ಕು ಹಿಡಿದು ಬರುವುದೇ ಇಲ್ಲ.

ಕಾಗದಪತ್ರ: ಆರ್‌ಸಿ, ವಿಮೆ, ಹೊಗೆ ತಪಾಸಣೆ, ಲೈಸೆನ್ಸ್. ಡಿಜಿಲಾಕರ್‌ನಲ್ಲಿ ಇದ್ದರೆ ಸಾಕು, ಆದರೂ ನೆಟ್ ಇಲ್ಲದ ಕಡೆಗೆ ಒಂದು ಪ್ರತಿ ಕಾರಿನಲ್ಲಿ ಇಡಿ. ನೀವೇ ಓಡಿಸುವ ಬಾಡಿಗೆ ಕಾರಾದರೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರುವುದನ್ನೇ ತೆಗೆದುಕೊಳ್ಳಿ. ಪರಿಚಯದವರ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆ ಕೊಟ್ಟು ಒಯ್ದರೆ ಅಪಘಾತ ಆದಾಗ ವಿಮೆ ಕೈಕೊಡಬಹುದು.

## ಹಂತ 8: ಖರ್ಚು, ಊಟ

ಒಟ್ಟು ಓಟ 1,600ರಿಂದ 1,700 ಕಿ.ಮೀ. ನಿಮ್ಮ ಕಾರು ಲೀಟರಿಗೆ 16 ಕಿ.ಮೀ ಕೊಟ್ಟರೆ 100ರಿಂದ 106 ಲೀಟರ್ ಬೇಕು. ಘಾಟ್, ಏಸಿ ಅಂತ ಶೇ 15 ಸೇರಿಸಿ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಮೊದಲೇ ಹಾಕಿ, ಇಲ್ಲದಿದ್ದರೆ ಪ್ರತಿ ಟೋಲಿನಲ್ಲೂ ಜಾಸ್ತಿ ಕಟ್ಟಬೇಕು. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸಿ, ಮುಖ್ಯವಾಗಿ ಫರ್ದಾಪುರದಿಂದ ಲೋಣಾರ್ ದಾರಿಯಲ್ಲಿ.

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಕಟ್ಟಿಕೊಂಡರೆ ಏಳು ದಿನವೂ ಕೆಡುವುದಿಲ್ಲ. ಮಧ್ಯಾಹ್ನ ಡಾಬಾದಲ್ಲಿ ಹೊಟ್ಟೆ ಬಿರಿಯ ಊಟ ಮಾಡಿ ಸ್ಟೇರಿಂಗ್ ಹಿಡಿಯಬೇಡಿ. ಎರಡರಿಂದ ನಾಲ್ಕು ಗಂಟೆ ನಡುವೆ ಕಣ್ಣು ತಾನಾಗಿ ಮುಚ್ಚುತ್ತದೆ.

## ಹಂತ 9: ದಾರಿಯಲ್ಲಿ ಈ ಸೂಚನೆ ಕಂಡರೆ ನಿಲ್ಲಿಸಿ

ಸ್ಟೇರಿಂಗ್ ನಡುಗಿದರೆ ಟೈರ್ ಉಬ್ಬಿರಬಹುದು. ಕೂಡಲೇ ಪಕ್ಕಕ್ಕೆ ಹಾಕಿ ಇಳಿದು ನೋಡಿ. ಬಿಸಿ ಮುಳ್ಳು ಮೇಲೆ ಏರಿದರೆ ಏಸಿ ಆಫ್ ಮಾಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಘಾಟ್ ಇಳಿಯುವಾಗ ಸುಟ್ಟ ವಾಸನೆ ಬಂದರೆ ಬ್ರೇಕ್ ಕಾಯುತ್ತಿದೆ ಅಂತ ಅರ್ಥ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್.

ಡ್ರೈವರ್ ಮೇಲಿಂದ ಮೇಲೆ ಆಕಳಿಸಿದರೆ, ಹಿಂದಿನ ಐದು ಕಿಲೋಮೀಟರ್ ನೆನಪಿಗೆ ಬರದಿದ್ದರೆ, ಚಹಾ ಕುಡಿದು ಸುಧಾರಿಸುವ ಮಾತಲ್ಲ ಅದು. ಇಪ್ಪತ್ತು ನಿಮಿಷ ಮಲಗಲೇಬೇಕು.

ಮ್ಯಾಪ್ "ಹತ್ತು ನಿಮಿಷ ಉಳಿತಾಯ" ಅಂತ ಹೆದ್ದಾರಿಯಿಂದ ಕೆಳಗಿಳಿಸಿದರೆ ಒಪ್ಪಬೇಡಿ. ಆ ದಾರಿ ಹೊಲದ ನಡುವಿನ ಎರೆ ರಸ್ತೆ ಆಗಿರಬಹುದು. ಇಡೀ ಮಾರ್ಗದ ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಡಿ. ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ಕನ್ನಡ ನಡೆಯುತ್ತದೆ, ಮುಂದೆ ಹಿಂದಿಯಲ್ಲಿ ದಾರಿ ಕೇಳಬಹುದು. ಹೆದ್ದಾರಿ ಸಹಾಯಕ್ಕೆ 1033, ತುರ್ತಿಗೆ 112, ಆಂಬುಲೆನ್ಸ್‌ಗೆ 108.

## ಹಂತ 10: ಕೊನೆಯ ದಿನಕ್ಕೆ ಒಂದು ಗಡಿ

ವಾಪಸ್ ಬರುವ ದಿನವೇ ಜನ ಮೈಮರೆಯುವುದು. ಮನೆ ಹತ್ತಿರ ಬಂತು ಅನ್ನುವ ಆತುರ ಕಾಲಿಗೆ ಇಳಿಯುತ್ತದೆ. ಭತ್ತದ ಸುಗ್ಗಿಯಲ್ಲಿ ಸಿಂಧನೂರು, ಗಂಗಾವತಿ ಕಡೆ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಟಾವು ಯಂತ್ರಗಳೂ ಅದೇ ರಸ್ತೆಯಲ್ಲಿ ಬರುತ್ತವೆ.

ಹಾಗಾಗಿ ಹೊರಡುವ ಮುಂಚೆಯೇ ಬರೆದಿಡಿ: ಸಂಜೆ ನಾಲ್ಕಕ್ಕೆ ಲಿಂಗಸುಗೂರು ದಾಟಿರದಿದ್ದರೆ ಅವತ್ತು ಅಲ್ಲೇ ಉಳಿಯುವುದು. ಮಾರನೇ ದಿನದ ರಜೆಯನ್ನೂ ಆಫೀಸಿನಲ್ಲಿ ಮೊದಲೇ ಹಾಕಿ.